ಆಕಾಶದಲ್ಲೊಂದು ಒರೆಗಲ್ಲು

ಪೇಟೆಯ ದಿನಸಿ ಅಂಗಡಿಯಲ್ಲಿ ಕಬ್ಬಿಣದ ತೂಕದ ಕಲ್ಲನ್ನು ಮಗುಚಿ ನೋಡಿದವರಿಗೆ ಅದರ ತಳದಲ್ಲಿ ಸೀಸ ತುಂಬಿದ ಸಣ್ಣ ಕುಳಿಯೂ, ಆ ಸೀಸದ ಮೇಲೆ ಒತ್ತಿದ ಸರ್ಕಾರಿ ಮುದ್ರೆಯೂ ಕಂಡಿರಬೇಕು. ನಾವು ಒಂದು ಕಿಲೋ ಬೇಳೆಯನ್ನು ಜಗಳವಿಲ್ಲದೆ ಕೊಂಡು ತರುವುದು ಆ ಮುದ್ರೆಯ ಬಲದಿಂದ. ಅಂಗಡಿಯವರು ಸತ್ಯವಂತರೇ ಇರಬಹುದು. ಆದರೆ ಕಬ್ಬಿಣಕ್ಕೆ ಸತ್ಯವಂತಿಕೆ ಎಂಬುದಿಲ್ಲ. ಅದು ಸವೆಯುತ್ತದೆ, ತುಕ್ಕು ಹಿಡಿಯುತ್ತದೆ. ಆದ್ದರಿಂದ ಕಾಲಕಾಲಕ್ಕೆ ಅದನ್ನು ಇನ್ನೊಂದು ಕಲ್ಲಿನೊಡನೆ ಹೋಲಿಸಿ ನೋಡಬೇಕು. ಆ ಇನ್ನೊಂದನ್ನು ಅದಕ್ಕಿಂತ ಮೇಲಿನ ಮತ್ತೊಂದರೊಡನೆ. ಹೀಗೆ ಮೆಟ್ಟಲು ಮೆಟ್ಟಲಾಗಿ ಹತ್ತಿಹೋದರೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಇಟ್ಟಿರುವ 57ನೆಯ ನಂಬರಿನ ಪ್ಲಾಟಿನಂ-ಇರಿಡಿಯಂ ಕಿಲೋಗ್ರಾಮ್ ಸಿಕ್ಕುತ್ತದೆ. ಅದಕ್ಕೂ ಮೇಲೆ ಪ್ಯಾರಿಸ್ಸಿನ ಬಳಿ ಒಂದು ತಾಯಿಕಲ್ಲು ಇತ್ತು. 2019ರ ಮೇ 20ರಿಂದ ಕಿಲೋಗ್ರಾಮನ್ನು ಲೋಹದ ತುಂಡಿನಿಂದ ಬಿಡಿಸಿ ಪ್ರಕೃತಿಯ ಒಂದು ಸ್ಥಿರಾಂಕಕ್ಕೆ ಕಟ್ಟಿದ್ದಾರೆ. ಏನೇ ಆಗಲಿ, ತೂಕದ ಮೇಲಿನ ನಮ್ಮ ನಂಬಿಕೆಯೆಲ್ಲ ಹೋಲಿಕೆಯ ಮೇಲೆ ನಿಂತಿದೆ.

ಈಗ ಒಂದು ತಕ್ಕಡಿಯನ್ನು ಊಹಿಸಿಕೊಳ್ಳೋಣ. ಅಂಗಡಿ ಬಿಟ್ಟು ಹೋದ ಮೇಲೆ ಅದು ಮರಳಿ ಬರುವುದಿಲ್ಲ. ಮುದ್ರೆ ಒತ್ತುವ ಅಧಿಕಾರಿ ಅದರ ಬಳಿಗೆ ಹೋಗುವಂತಿಲ್ಲ. ಹೋಗುವಾಗ ಅದನ್ನು ರಾಕೆಟ್ಟಿನ ತುದಿಗೆ ಕಟ್ಟಿ, ಎಲುಬೆಲ್ಲ ನಡುಗುವಂತೆ ಅಲುಗಾಡಿಸಿ, ಗಾಳಿಯಿಲ್ಲದ ಬಯಲಿನಲ್ಲಿ ಬಿಟ್ಟಿದ್ದಾರೆ. ಅಲ್ಲಿ ಒಂದು ಮಗ್ಗುಲಿಗೆ ಸುಡುವ ಬಿಸಿಲು, ಇನ್ನೊಂದು ಮಗ್ಗುಲಿಗೆ ಕೊರೆಯುವ ಕತ್ತಲೆ. ಹೀಗಿದ್ದೂ ಅದು ಹತ್ತು ಹದಿನೈದು ವರ್ಷ ತೂಗಿ ಹೇಳಿದ್ದನ್ನು ನಾವು ನಂಬಬೇಕು. ಹವಾಮಾನದ ಉಪಗ್ರಹಗಳಲ್ಲಿರುವ ಅಳತೆಯ ಉಪಕರಣಗಳ ಪಾಡು ಇದೇ. ಈ ತಕ್ಕಡಿಗೆ ಮುದ್ರೆ ಒತ್ತುವವರು ಯಾರು, ಹೇಗೆ, ಎಂಬುದರ ಚರಿತ್ರೆ ನನಗೆ ಬಹುದಿನಗಳಿಂದ ಕುತೂಹಲದ ವಿಷಯ. ಉಪಗ್ರಹ ಹಾರಿದ ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ಬೆಂಕಿಯುಗುಳುವ ರಾಕೆಟ್ಟಿನ ಚಿತ್ರ ಬರುತ್ತದೆ. ಅದರ ಉಪಕರಣಕ್ಕೆ ಒರೆ ಹಚ್ಚಿದ ದಿನ ಯಾವ ಚಿತ್ರವೂ ಬರುವುದಿಲ್ಲ. ಆದರೂ ಭೂಮಿ ನಿಜವಾಗಿ ಬಿಸಿಯಾಗುತ್ತಿದೆಯೇ ಎಂಬ ನಮ್ಮ ಕಾಲದ ಬಲು ದೊಡ್ಡ ವಾದದ ಒಂದು ಎಳೆ ಸುಮಾರು ಹದಿನೈದು ವರ್ಷ ಈ ಒರೆಯ ಮೇಲೆಯೇ ತೂಗಾಡಿತು.

ಇಂಗ್ಲಿಷಿನಲ್ಲಿ ಕ್ಯಾಲಿಬ್ರೇಷನ್ ಎಂದು ಕರೆಯುವ ಈ ಕೆಲಸಕ್ಕೆ ನಮ್ಮ ಅಕ್ಕಸಾಲಿಗರ ಮಾತೇ ಸಾಕು: ಒರೆ ಹಚ್ಚುವುದು. ಚಿನ್ನದ ಗುಣ ಚಿನ್ನವನ್ನು ಕೇಳಿದರೆ ತಿಳಿಯದು. ಕಲ್ಲಿನ ಮೇಲೆ ಉಜ್ಜಿ, ಗೊತ್ತಿರುವ ಚಿನ್ನದ ಗೆರೆಯ ಪಕ್ಕದಲ್ಲಿ ಇದರ ಗೆರೆಯನ್ನಿಟ್ಟು ನೋಡಬೇಕು.

ಹವಾಮಾನಶಾಸ್ತ್ರದಲ್ಲಿ ಈ ಪದ್ಧತಿ ಉಪಗ್ರಹಗಳಿಗಿಂತ ಬಹಳ ಹಳೆಯದು. 1714ರಲ್ಲಿ ಫ್ಯಾರನ್‌ಹೀಟ್ ತಾನು ಮಾಡಿದ ಎರಡು ಉಷ್ಣಮಾಪಕಗಳನ್ನು ಹಾಲೆ ನಗರದ ಪಂಡಿತ ಕ್ರಿಶ್ಚಿಯನ್ ವೋಲ್ಫನಿಗೆ ಕೊಟ್ಟನು. ವೋಲ್ಫನು ಬೆರಗಾಗಿ ಅವುಗಳ ವಿಷಯ ಬರೆದು ಪ್ರಕಟಿಸಿದನು. ಬೆರಗಿಗೆ ಕಾರಣ ಏನು? ಎರಡೂ ಒಂದೇ ಅಂಕಿಯನ್ನು ತೋರಿಸುತ್ತಿದ್ದವು, ಅಷ್ಟೇ! ಅಲ್ಲಿಯವರೆಗೆ ಒಬ್ಬ ಕುಶಲಿಯ ಉಷ್ಣಮಾಪಕಕ್ಕೂ ಇನ್ನೊಬ್ಬನದಕ್ಕೂ, ಎಷ್ಟೋ ವೇಳೆ ಒಬ್ಬನೇ ಮಾಡಿದ ಎರಡಕ್ಕೂ, ತಾಳಮೇಳವಿರಲಿಲ್ಲ.

ಸೂರ್ಯನ ಶಾಖವನ್ನು ಅಳೆಯುವವರಲ್ಲಿ ಈ ತಾಳಮೇಳದ ಕೊರತೆ ಇಪ್ಪತ್ತನೆಯ ಶತಮಾನದ ನಡುವಿನ ತನಕ ಉಳಿಯಿತು. ಯುರೋಪಿನಲ್ಲಿ ಸ್ವೀಡನ್ನಿನ ಆಂಗ್‌ಸ್ಟ್ರಾಮನ ಅಳತೆ, ಅಮೆರಿಕದಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆಯ ಅಳತೆ; ಎರಡಕ್ಕೂ ಶೇಕಡ ಮೂರೂವರೆಯಷ್ಟು ಅಂತರ. ಒಂದೇ ಸೂರ್ಯ ಒಂದು ಖಂಡದಲ್ಲಿ ಹೆಚ್ಚು ಉದಾರಿ, ಇನ್ನೊಂದರಲ್ಲಿ ಜಿಪುಣ ಎಂಬಂತಿತ್ತು. 1956ರಲ್ಲಿ ಒಂದಕ್ಕೆ ಶೇಕಡ 1.5 ಕೂಡಿಸಿ, ಇನ್ನೊಂದರಿಂದ ಶೇಕಡ 2 ಕಳೆದು ರಾಜಿ ಮಾಡಿದರು. ರಾಜಿಯಿಂದ ಲೆಕ್ಕ ಸರಿಹೋಯಿತೇ ವಿನಾ ಸತ್ಯ ತಿಳಿದಂತಾಗಲಿಲ್ಲ. 1959ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್ ಎಂಬ ಗಿರಿನಗರದಲ್ಲಿ ನಾನಾ ದೇಶಗಳ ಉಪಕರಣಗಳನ್ನು ಒಂದೆಡೆ ಕೂಡಿಸಿ, ಎಲ್ಲವನ್ನೂ ಸಾಲಾಗಿ ಒಂದೇ ಸೂರ್ಯನ ಕಡೆಗೆ ತಿರುಗಿಸಿ, ಒಂದೇ ಗಳಿಗೆಯಲ್ಲಿ ಓದಿದರು. ಕೆಲವು ವರ್ಷಗಳಿಗೊಮ್ಮೆ ನಡೆಯುವ ಆ ಕೂಟ ಇಂದಿಗೂ ನಿಂತಿಲ್ಲ. ಅದನ್ನು ಉಪಕರಣಗಳ ಜಾತ್ರೆ ಎಂದರೆ ತಪ್ಪಾಗದು. ಜಾತ್ರೆಗೆ ಹೋಗಿ ಬಂದ ಉಪಕರಣ ತನ್ನ ದೇಶದ ಮಿಕ್ಕವಕ್ಕೆ ಗುರುವಾಗುತ್ತದೆ.

ನಮ್ಮ ದೇಶದಲ್ಲಿ ಈ ಶಿಸ್ತನ್ನು ನೆಲೆಗೊಳಿಸಿದವರಲ್ಲಿ ಅಣ್ಣಾ ಮಣಿಯವರ ಹೆಸರು ಮೊದಲು ಬರಬೇಕು. 1918ರಲ್ಲಿ ಪೀರ್ಮೇಡಿನಲ್ಲಿ ಹುಟ್ಟಿದ ಆಕೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ವಿ. ರಾಮನ್ನರ ಪ್ರಯೋಗಶಾಲೆಯಲ್ಲಿ ವಜ್ರ ಮಾಣಿಕ್ಯಗಳ ಬೆಳಕನ್ನು ಅಭ್ಯಸಿಸಿ, ಮುಂದೆ ಲಂಡನ್ನಿಗೆ ಹೋಗಿ ಹವಾಮಾನದ ಉಪಕರಣಗಳ ವಿಷಯ ಕಲಿತು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಹೊರದೇಶದಿಂದ ತರಿಸುತ್ತಿದ್ದ ಸುಮಾರು ನೂರು ಬಗೆಯ ಉಪಕರಣಗಳಿಗೆ ನಕ್ಷೆ ಹಾಕಿಸಿ, ಇಲ್ಲಿಯೇ ಮಾಡಿಸಿ, ಒರೆ ಹಚ್ಚಿಸಿದರು. 1957-58ರ ಅಂತಾರಾಷ್ಟ್ರೀಯ ಭೂಭೌತ ವರ್ಷದ ಸಲುವಾಗಿ ದೇಶದಲ್ಲೆಲ್ಲ ಸೌರಶಾಖ ಅಳೆಯುವ ಠಾಣೆಗಳನ್ನು ಹೂಡಿದರು. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲು ಎಂಬುದು ಅವರ ಖಂಡಿತವಾದ ನಿಲುವು. ನಿವೃತ್ತಿಯ ತರುವಾಯ ಬೆಂಗಳೂರಿಗೆ ಹಿಂದಿರುಗಿ, ಗಾಳಿಯ ವೇಗ ಮತ್ತು ಬಿಸಿಲನ್ನು ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯನ್ನೂ ನಡೆಸಿದರು. ಈ ಮಾತನ್ನು ಇಲ್ಲಿ ತಂದುದಕ್ಕೆ ಕಾರಣವಿದೆ. ಅವರು ಪುಣೆಯಲ್ಲಿ ಕೈಯಿಂದ ಮುಟ್ಟಿ, ಪಕ್ಕಕ್ಕೆ ಪಕ್ಕವಿಟ್ಟು ಮಾಡುತ್ತಿದ್ದ ಹೋಲಿಕೆಯನ್ನೇ, ಕೈಗೆ ಎಟುಕದ ಉಪಕರಣಕ್ಕೆ ಮಾಡುವುದು ಹೇಗೆ ಎಂಬ ಹೊಸ ಸಮಸ್ಯೆ ಅದೇ ಕಾಲದಲ್ಲಿ ಹುಟ್ಟಿತು.

1959ರ ಅಕ್ಟೋಬರ್ 13ರಂದು ಅಮೆರಿಕದ ಎಕ್ಸ್‌ಪ್ಲೋರರ್-7 ಮೇಲೇರಿತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವರ್ನರ್ ಸುವೋಮಿ ಅದಕ್ಕೆ ಕೊಟ್ಟಿದ್ದು ಕಪ್ಪು ಬಣ್ಣದ ಮತ್ತು ಬಿಳಿ ಬಣ್ಣದ ಅರ್ಧಗೋಳಗಳನ್ನು. ಕಪ್ಪು ಎಲ್ಲವನ್ನೂ ಹೀರುತ್ತದೆ, ಬಿಳಿ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಎರಡರ ಬಿಸಿಯ ವ್ಯತ್ಯಾಸದಿಂದ ಭೂಮಿಗೆ ಬಂದ ಶಾಖವೆಷ್ಟು, ಭೂಮಿ ಬಿಟ್ಟುಕೊಟ್ಟದ್ದೆಷ್ಟು ಎಂದು ಲೆಕ್ಕ ಹಾಕಬಹುದು. ನಮ್ಮ ಅಜ್ಜಿಯರು ಬಿಸಿಲಿಗೆ ಕಪ್ಪು ಕೊಡೆಗಿಂತ ಬಿಳಿ ಸೆರಗೇ ವಾಸಿ ಎನ್ನುತ್ತಿದ್ದ ತತ್ತ್ವವೇ ಅಲ್ಲಿಯೂ. ಇಂಥ ಅಳತೆಗಳು ಹತ್ತು ವರ್ಷ ಕೂಡಿದ ಮೇಲೆ ಒಂದು ಹೊಸ ವಿಷಯ ತಿಳಿಯಿತು. ಭೂಮಿಯು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ಶೇಕಡ 35ರಷ್ಟನ್ನಾದರೂ ಹಿಂದಕ್ಕೆ ಎರಚುತ್ತದೆಂದು ಅದುವರೆಗಿನ ಅಂದಾಜು. ನಿಜವಾಗಿ ಎರಚುವುದು ಶೇಕಡ 30ರ ಆಸುಪಾಸು. ನಮ್ಮ ಭೂಮಿ ನಾವೆಣಿಸಿದ್ದಕ್ಕಿಂತ ತುಸು ಕಪ್ಪು, ತುಸು ಬೆಚ್ಚಗೆ.

1960ರ ಏಪ್ರಿಲ್ 1ರಂದು ಹೋದ ಟೈರೋಸ್-1 ಮೋಡಗಳ ಚಿತ್ರವನ್ನು ಕಳುಹಿಸಿತು. ಅದನ್ನು ಕಂಡು ಲೋಕ ಮರುಳಾಯಿತು. ಚಂಡಮಾರುತ ಎಲ್ಲಿದೆ, ಯಾವ ಕಡೆ ಸರಿಯುತ್ತಿದೆ ಎಂದು ತಿಳಿಯಲು ಚಿತ್ರ ಸಾಕು. ಬಿಳುಪು ಸ್ವಲ್ಪ ಮಂಕಾದರೂ ಸುಳಿ ಸುಳಿಯಾಗಿಯೇ ಕಾಣುತ್ತದೆ. ಆದ್ದರಿಂದ ಮೊದಲ ಇಪ್ಪತ್ತು ವರ್ಷ ಅಂಕಿಯ ಗೊಡವೆ ಹೆಚ್ಚಾಗಿ ಯಾರಿಗೂ ಬೇಕಾಗಲಿಲ್ಲ. ಇಂದಿನ ಮೋಡ ಕಂಡರೆ ಸಾಕು ಎನ್ನುವವನಿಗೆ ಒರೆ ಬೇಡ. ಇಪ್ಪತ್ತು ವರ್ಷದ ಹಿಂದಿನ ಮೋಡಕ್ಕೂ ಇಂದಿನದಕ್ಕೂ ವ್ಯತ್ಯಾಸ ಬಂದಿದೆಯೇ ಎಂದು ಕೇಳುವವನಿಗೆ ಒರೆಯಿಲ್ಲದೆ ಒಂದು ಹೆಜ್ಜೆಯೂ ಮುಂದಿಡಲಾಗದು. ಕಣ್ಣಿಗೆ ಪೊರೆ ಬರುತ್ತಿದ್ದರೆ ಲೋಕವೇ ಮಬ್ಬಾಗುತ್ತಿರುವಂತೆ ತೋರುತ್ತದಲ್ಲವೇ?

ಉಪಗ್ರಹದ ಉಪಕರಣ ಏನನ್ನು ನೋಡುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅದಕ್ಕೆ ಉಷ್ಣತೆ ಕಾಣುವುದಿಲ್ಲ, ಮಳೆಯೂ ಕಾಣುವುದಿಲ್ಲ. ಅದರ ಕನ್ನಡಿಗೆ ಬಿದ್ದ ಬೆಳಕು ವಿದ್ಯುತ್ತಾಗಿ, ವಿದ್ಯುತ್ತು ಅಂಕಿಯಾಗಿ ಕೆಳಕ್ಕೆ ಬರುತ್ತದೆ. ಅನೇಕ ಉಪಕರಣಗಳಲ್ಲಿ ಅದು ಸೊನ್ನೆಯಿಂದ 1023ರ ಒಳಗಿನ ಒಂದು ಅಂಕಿ. 412 ಎಂದು ಬಂದರೆ ಅದು ಎಷ್ಟು ಡಿಗ್ರಿ? ಇದನ್ನು ಹೇಳಲು ಗೊತ್ತಿರುವ ಎರಡು ಗುರುತು ಬೇಕು. ಒಂದು, ಬರಿಯ ಆಕಾಶ. ನಕ್ಷತ್ರಗಳ ನಡುವಣ ಆ ಕತ್ತಲೆ ಸಂಪೂರ್ಣ ಶೈತ್ಯದಿಂದ ಮೂರು ಡಿಗ್ರಿಯಷ್ಟೂ ಮೇಲಿಲ್ಲ. ಅದನ್ನು ಸೊನ್ನೆಯೆಂದೇ ಹಿಡಿಯಬಹುದು. ಇನ್ನೊಂದು, ಉಪಕರಣದೊಳಗೇ ಇಟ್ಟಿರುವ ಒಂದು ಕರಿಯ ಫಲಕ. ಅದರ ಬಿಸಿಯನ್ನು ಪ್ಲಾಟಿನಂ ತಂತಿಯ ಉಷ್ಣಮಾಪಕಗಳು ಹೇಳುತ್ತವೆ. ಕನ್ನಡಿ ಒಮ್ಮೆ ಭೂಮಿಯನ್ನು, ಒಮ್ಮೆ ಆಕಾಶವನ್ನು, ಒಮ್ಮೆ ಈ ಫಲಕವನ್ನು ನೋಡುತ್ತದೆ. ಎರಡು ಗುರುತುಗಳ ನಡುವೆ ಗೆರೆ ಎಳೆದರೆ ಮಿಕ್ಕ ಅಂಕಿಗಳ ಅರ್ಥ ತಾನಾಗಿ ದೊರೆಯುತ್ತದೆ.

ಕೇಳಲು ಸರಾಗವಾಗಿದೆ. ಆದರೆ ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ಇಲ್ಲಿಗೂ ಸಲ್ಲುತ್ತದೆ. ಕರಿಯ ಫಲಕವೇ ಕೆಟ್ಟರೆ? ಭೂಮಿಯೊಡನೆ ಹೆಜ್ಜೆಹಾಕುತ್ತ 36,000 ಕಿಲೋಮೀಟರ್ ಎತ್ತರದಲ್ಲಿ ಒಂದೇ ಕಡೆ ನಿಂತಂತೆ ತೋರುವ ಉಪಗ್ರಹಗಳಿಗೆ ನಡುರಾತ್ರಿಯ ಹೊತ್ತಿಗೆ ಸೂರ್ಯ ಭೂಮಿಯ ಬೆನ್ನ ಹಿಂದಿನಿಂದ ನೇರವಾಗಿ ಬಾಯೊಳಕ್ಕೆ ಇಣುಕುತ್ತಾನೆ. ಒಳಗಿನ ಭಾಗಗಳು ಬಿಸಿಯಾಗಿ ಫಲಕದ ಸಾಕ್ಷ್ಯ ಕೆಡುತ್ತದೆ. ಉಪಕರಣದ ತಣ್ಣನೆಯ ಗಾಜಿನ ಮೇಲೆ ತೆಳುವಾಗಿ ಹಿಮ ಕಟ್ಟಿ ಕೆಲವು ಬಣ್ಣದ ಕಿರಣಗಳನ್ನು ಮಾತ್ರ ನುಂಗುವುದೂ ಉಂಟು. ಇನ್ನು ಕಣ್ಣಿಗೆ ಕಾಣುವ ಬೆಳಕಿನ ಮಾತು ಬಿಡಿ. 1978ರಿಂದ ಅಮೆರಿಕದ ಧ್ರುವಗಾಮಿ ಉಪಗ್ರಹಗಳಲ್ಲಿ ಹಾರಿದ, ಎವಿಎಚ್‌ಆರ್‌ಆರ್ ಎಂಬ ಪ್ರಸಿದ್ಧ ಉಪಕರಣದಲ್ಲಿ ಅದಕ್ಕೆ ಒರೆಗಲ್ಲೇ ಇರಲಿಲ್ಲ. ನೆಲದ ಮೇಲೆ ಒಮ್ಮೆ ಅಳೆದು ಕಳುಹಿಸಿದ್ದೇ ಕೊನೆ.

ಈ ಕೊರತೆಯನ್ನು ತುಂಬಿದ ಉಪಾಯಗಳು ನನಗೆ ಬಹಳ ಮೆಚ್ಚಿಗೆಯಾದವು. 1983ರ ಜುಲೈಯಲ್ಲಿ ಲೋಕದ ಮೋಡಗಳನ್ನೆಲ್ಲ ಎಣಿಸುವ ಒಂದು ಅಂತಾರಾಷ್ಟ್ರೀಯ ಯೋಜನೆ ಶುರುವಾಯಿತು. ಭೂಮಿಯ ಸುತ್ತ ಬೇರೆ ಬೇರೆ ದೇಶಗಳು ನಿಲ್ಲಿಸಿದ್ದ ಉಪಗ್ರಹಗಳು, ಒಂದೊಂದರದೂ ಒಂದೊಂದು ರಾಗ. ಅವುಗಳ ಕೆಳಗೆ ಸುಮಾರು 850 ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತುವ ಒಂದು ಉಪಗ್ರಹ ಎಲ್ಲರ ಸೀಮೆಯನ್ನೂ ಹಾದು ಹೋಗುತ್ತದೆ. ಅದನ್ನೇ ಊರಿಂದೂರಿಗೆ ಹೊತ್ತೊಯ್ಯುವ ಅಳತೆಗೋಲಿನಂತೆ ಬಳಸಿ, ಫ್ರಾನ್ಸಿನ ಲಾನ್ಯೋನ್ ಎಂಬಲ್ಲಿನ ಕೇಂದ್ರದಲ್ಲಿ ಒಂದೊಂದನ್ನೂ ಅದರೊಡನೆ ಹೋಲಿಸಿದರು. ಸರಿ, ಆ ಅಳತೆಗೋಲನ್ನು ಅಳೆಯುವವರು ಯಾರು? ಅದಕ್ಕೆ ಅಮೆರಿಕದವರು ಇಪ್ಪತ್ತು ಕಿಲೋಮೀಟರ್ ಎತ್ತರಕ್ಕೆ ಏರಬಲ್ಲ ಇಆರ್-2 ವಿಮಾನಕ್ಕೆ ಒರೆ ಹಚ್ಚಿದ ಉಪಕರಣ ಕಟ್ಟಿ, ನ್ಯೂ ಮೆಕ್ಸಿಕೋದ ಬೆಳ್ಳನೆಯ ಮರಳುಗಾಡಿನ ಮೇಲೆ ಉಪಗ್ರಹ ಹಾದುಹೋಗುವ ಗಳಿಗೆಗೆ ಸರಿಯಾಗಿ ಹಾರಿಸಿದರು. ವಿಮಾನ ಕೆಳಗಿಳಿಯುತ್ತದೆ, ಅದರ ಉಪಕರಣವನ್ನು ಮತ್ತೆ ಪರೀಕ್ಷಿಸಬಹುದು. ಇದೇ ಅದರ ಹೆಚ್ಚಳ.

ಇನ್ನೊಂದು ಉಪಾಯ ವಿಮಾನವೂ ಬೇಡದ್ದು. ಲಿಬಿಯನ್ ಮರುಭೂಮಿಯ ಒಂದು ತುಂಡಿನಲ್ಲಿ ಮಳೆಯಿಲ್ಲ, ಗಿಡವಿಲ್ಲ, ಜನವಿಲ್ಲ. ವರ್ಷದಿಂದ ವರ್ಷಕ್ಕೆ ಆ ಮರಳು ಬಿಸಿಲನ್ನು ಒಂದೇ ಸಮನಾಗಿ ಹಿಂದಕ್ಕೆ ಎರಚುತ್ತದೆ. ಅದು ಮಂಕಾಗುತ್ತಿರುವಂತೆ ಕಂಡರೆ ಮಂಕಾದದ್ದು ಮರಳಲ್ಲ, ಕಣ್ಣು. ಹೀಗೆ ತರ್ಕಿಸಿ ಸಿ. ಆರ್. ನಾಗರಾಜ ರಾವ್ ಮತ್ತು ಜೆ. ಚೆನ್ 1995ರಲ್ಲಿ ಅಮೆರಿಕದ ಮೂರು ಉಪಗ್ರಹಗಳ ಲೆಕ್ಕ ಪ್ರಕಟಿಸಿದರು. ಕಾಣುವ ಬೆಳಕಿನಲ್ಲಿ ನೋವಾ-7ರ ಕಣ್ಣು ವರ್ಷಕ್ಕೆ ಶೇಕಡ 3.6, ನೋವಾ-9ರದು ಶೇಕಡ 5.9, ನೋವಾ-11ರದು ಶೇಕಡ 1.2ರಂತೆ ಮಂಕಾಗುತ್ತಿತ್ತು. ಈ ಅಂಕಿಗಳನ್ನು ಸಣ್ಣವೆಂದು ತಳ್ಳಿಹಾಕುವಂತಿಲ್ಲ. ಕಾಡು ಕಡಿಮೆಯಾಯಿತೇ, ಮರುಭೂಮಿ ಹಬ್ಬಿತೇ, ಬೆಳೆ ಒಣಗಿತೇ ಎಂಬ ತೀರ್ಪುಗಳೆಲ್ಲ ಇಂಥ ಕಣ್ಣುಗಳ ಸಾಕ್ಷ್ಯದಿಂದ ಹೊರಡುತ್ತವೆ. ಐದು ವರ್ಷದಲ್ಲಿ ಕಾಲು ಭಾಗ ಮಂಕಾದ ಕಣ್ಣನ್ನು ತಿದ್ದದೆ ನಂಬಿದರೆ, ನೆಲದ ಮೇಲೆ ನಡೆಯದೇ ಇದ್ದ ಬದಲಾವಣೆ ಕಾಗದದ ಮೇಲೆ ನಡೆದುಹೋಗುತ್ತದೆ.

ಕಾಗದದ ಮೇಲಿನ ಇಂಥ ಬದಲಾವಣೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ನಾನು ಮೊದಲೇ ಸೂಚಿಸಿದ ವಾದವೇ ಸಾಕ್ಷಿ. ಗಾಳಿಯಲ್ಲಿರುವ ಆಮ್ಲಜನಕವು ತನ್ನ ಬಿಸಿಗೆ ತಕ್ಕಂತೆ ಬಹಳ ಚಿಕ್ಕ ರೇಡಿಯೋ ಅಲೆಗಳನ್ನು ಹೊರಸೂಸುತ್ತದೆ. 1978ರ ಕೊನೆಯಿಂದ ಅಮೆರಿಕದ ಧ್ರುವಗಾಮಿ ಉಪಗ್ರಹಗಳು ಈ ಅಲೆಗಳನ್ನು ಅಳೆಯುತ್ತ ಬಂದವು. ಒಂದು ಉಪಗ್ರಹ ಮುಪ್ಪಾಗುವ ಮೊದಲು ಇನ್ನೊಂದು ಬರುತ್ತದೆ. ಎರಡೂ ಜೊತೆಗಿದ್ದಷ್ಟು ಕಾಲ ಒಂದನ್ನು ಇನ್ನೊಂದಕ್ಕೆ ಹೋಲಿಸಿ ಹೊಲಿಗೆ ಹಾಕಬೇಕು. ರಾಯ್ ಸ್ಪೆನ್ಸರ್ ಮತ್ತು ಜಾನ್ ಕ್ರಿಸ್ಟಿ ಎಂಬ ಇಬ್ಬರು ಹೀಗೆ ಹೊಲಿದು, 1990ರಲ್ಲಿ ಇಡೀ ಭೂಮಿಯ ಕೆಳವಾತಾವರಣದ ಉಷ್ಣತೆಯ ಸರಣಿಯನ್ನು ಪ್ರಕಟಿಸಿದರು. ನೆಲದ ಉಷ್ಣಮಾಪಕಗಳು ಭೂಮಿ ಬಿಸಿಯಾಗುತ್ತಿದೆ ಎನ್ನುತ್ತಿದ್ದಾಗ ಉಪಗ್ರಹಗಳು ಹಾಗೇನೂ ಇಲ್ಲ, ತುಸು ತಂಪಾಗಿಯೇ ಇದೆ ಎಂದವು. ಕಲ್ಲಿದ್ದಲು, ಎಣ್ಣೆ, ಕಾರ್ಖಾನೆ, ದೇಶದೇಶಗಳ ಒಪ್ಪಂದ ಎಲ್ಲವೂ ಈ ಮಾತಿನ ಮೇಲೆ ತೂಗುತ್ತಿದ್ದ ಕಾಲ ಅದು. ಬಿಸಿಯಾಗುತ್ತಿಲ್ಲ ಎನ್ನಬೇಕೆಂದಿದ್ದವರಿಗೆ ಆಕಾಶದಿಂದಲೇ ಸಾಕ್ಷಿ ಬಂದಂತಾಯಿತು.

ಗುಟ್ಟು ಹೊಲಿಗೆಯಲ್ಲಿತ್ತು. 1998ರಲ್ಲಿ ಫ್ರಾಂಕ್ ವೆಂಟ್ಸ್ ಮತ್ತು ಮಥಿಯಾಸ್ ಶಾಬೆಲ್ ಎಂಬುವರು ತೋರಿಸಿದ್ದೇನೆಂದರೆ, ತೆಳುವಾದ ಮೇಲ್ಗಾಳಿಯ ತಿಕ್ಕಾಟದಿಂದ ಉಪಗ್ರಹಗಳು ವರ್ಷವರ್ಷವೂ ತುಸು ತುಸು ಕೆಳಕ್ಕೆ ಇಳಿಯುತ್ತಿದ್ದವು. ಎತ್ತರ ಬದಲಾದರೆ ನೋಡುವ ಕೋನವೂ ಬದಲಾಗುತ್ತದೆ; ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಸುಳ್ಳು ತಂಪು ಕಾಣುತ್ತದೆ. ಈ ಒಂದು ತಿದ್ದುಪಡಿಯಿಂದ 1979ರಿಂದ 1995ರವರೆಗಿನ ಲೆಕ್ಕ ದಶಕಕ್ಕೆ 0.05 ಡಿಗ್ರಿ ಇಳಿತವಿದ್ದದ್ದು 0.07 ಡಿಗ್ರಿ ಏರಿಕೆಯಾಯಿತು. ಎರಡನೆಯ ಕಾರಣ ಗಡಿಯಾರದ್ದು. ಮಧ್ಯಾಹ್ನ ಒಂದು ನಿಶ್ಚಿತ ಹೊತ್ತಿಗೆ ಹಾದುಹೋಗಬೇಕಾದ ಉಪಗ್ರಹ ವರ್ಷಗಳು ಕಳೆದಂತೆ ತಡವಾಗುತ್ತ ಸಂಜೆಯ ಕಡೆಗೆ ಸರಿಯುತ್ತದೆ. ಮಧ್ಯಾಹ್ನದ ಬಿಸಿಯನ್ನೂ ಸಂಜೆಯ ತಂಪನ್ನೂ ಒಂದೇ ಸಾಲಿಗೆ ಜೋಡಿಸಿದರೆ ಭೂಮಿ ತಣ್ಣಗಾದಂತೆ ತೋರದೆ ಇನ್ನೇನು? ಇದಕ್ಕೆ ಹಿಂದಿನವರು ತಿದ್ದುಪಡಿ ಮಾಡಿದ್ದರು. ಆದರೆ ಉಷ್ಣವಲಯದಲ್ಲಿ ಆ ತಿದ್ದುಪಡಿ ಕೂಡಿಸಬೇಕಾದಲ್ಲಿ ಕಳೆದಿದೆ ಎಂದು 2005ರಲ್ಲಿ ಕಾರ್ಲ್ ಮಿಯರ್ಸ್ ಮತ್ತು ವೆಂಟ್ಸ್ ಕಂಡುಹಿಡಿದರು. ಸ್ಪೆನ್ಸರ್ ಮತ್ತು ಕ್ರಿಸ್ಟಿ ಅದನ್ನು ಒಪ್ಪಿ ತಮ್ಮ ಸರಣಿಯನ್ನು ತಿದ್ದಿದರು. ವಾದದಲ್ಲಿ ಎದುರು ಬದಿಯಲ್ಲಿದ್ದೂ ಲೆಕ್ಕವನ್ನು ಲೆಕ್ಕವಾಗಿ ಒಪ್ಪಿದ ಈ ನಡತೆಯನ್ನು ನಾವು ಮರೆಯಬಾರದು.

ಈ ಕಥೆಯಲ್ಲಿ ಇನ್ನೊಂದು ಸೋಜಿಗವಿದೆ. ಉಪಗ್ರಹಗಳಿಗೆ ಸಾಕ್ಷಿಯಾಗಿ ಅದುವರೆಗೆ ನಿಲ್ಲಿಸಿದ್ದದ್ದು ಬಲೂನಿಗೆ ಕಟ್ಟಿ ಹಾರಿಸುವ ಉಷ್ಣಮಾಪಕಗಳನ್ನು. ಅವೂ ಹೆಚ್ಚು ಬಿಸಿ ಕಂಡಿರಲಿಲ್ಲ. ಅದೇ 2005ರಲ್ಲಿ ಸ್ಟೀವನ್ ಶೆರ್‌ವುಡ್ ಮತ್ತು ಅವರ ಸಂಗಡಿಗರು ಬಲೂನುಗಳನ್ನೂ ಒರೆಗೆ ಹಚ್ಚಿದರು. ಹಳೆಯ ಬಲೂನುಗಳ ಉಷ್ಣಮಾಪಕಗಳಿಗೆ ಹಗಲಿನಲ್ಲಿ ಬಿಸಿಲು ತಾಗಿ ಅವು ಗಾಳಿಗಿಂತ ಹೆಚ್ಚು ಬಿಸಿ ತೋರಿಸುತ್ತಿದ್ದವು. ವರ್ಷ ಕಳೆದಂತೆ ಉಪಕರಣಗಳು ಸುಧಾರಿಸಿ ಆ ಹೆಚ್ಚಳ ಕಡಿಮೆಯಾದದ್ದೇ ತಂಪಾದಂತೆ ಕಂಡಿತ್ತು. ಸಾಕ್ಷಿಯನ್ನು ಪರೀಕ್ಷಿಸಲು ಕರೆಸಿದ ಸಾಕ್ಷಿಯೂ ಪರೀಕ್ಷೆಗೆ ಒಳಗಾಗಬೇಕಾಯಿತು. 2006ರಲ್ಲಿ ಅಮೆರಿಕದ ಸರ್ಕಾರಿ ವರದಿಯೊಂದು, ಲೋಕದ ಸರಾಸರಿಯ ಮಟ್ಟಿಗೆ ನೆಲಕ್ಕೂ ಆಕಾಶಕ್ಕೂ ಇದ್ದ ದೊಡ್ಡ ವೈಷಮ್ಯ ತೀರಿತು ಎಂದು ಬರೆಯಿತು. ಎರಡು ಪಂಗಡದ ಸರಣಿಗಳೂ ಇಂದಿಗೂ ಒಂದೇ ಅಂಕಿಯನ್ನು ಹೇಳುವುದಿಲ್ಲ. ಆದರೆ ಎರಡೂ ಏರಿಕೆಯನ್ನೇ ಹೇಳುತ್ತವೆ.

ಇಷ್ಟಾದ ಮೇಲೆ ಹೋಲಿಕೆಯನ್ನು ಒಬ್ಬಿಬ್ಬರ ಶ್ರದ್ಧೆಗೆ ಬಿಡಬಾರದೆಂಬ ಅರಿವು ಬಂದದ್ದು ಸಹಜ. 2005ರಲ್ಲಿ ವಿಶ್ವ ಹವಾಮಾನ ಸಂಸ್ಥೆಯೂ ಹವಾಮಾನ ಉಪಗ್ರಹಗಳ ಸಮನ್ವಯ ಮಂಡಲಿಯೂ ಕೂಡಿ ಉಪಗ್ರಹಗಳನ್ನು ಪರಸ್ಪರ ಒರೆ ಹಚ್ಚುವ ಒಂದು ಲೋಕವ್ಯಾಪಿ ವ್ಯವಸ್ಥೆಯನ್ನು ಆರಂಭಿಸಿದವು. ದಾವೋಸಿನ ಜಾತ್ರೆಗೆ ಉಪಕರಣ ಬರಲಾರದಿದ್ದರೆ ಜಾತ್ರೆಯನ್ನೇ ಆಕಾಶದಲ್ಲಿ ನಡೆಸುವುದು ಇದರ ಸಾರ. ಎತ್ತರ ಬೇರೆ ಬೇರೆಯಾದ ಎರಡು ಧ್ರುವಗಾಮಿ ಉಪಗ್ರಹಗಳು ಕೆಲವು ದಿನಗಳಿಗೊಮ್ಮೆ ಧ್ರುವಗಳ ಸಮೀಪದಲ್ಲಿ ಒಂದರ ಕೆಳಗೊಂದು ಹಾಯುತ್ತವೆ. ಆ ಕೆಲವೇ ಕ್ಷಣ ಎರಡೂ ಒಂದೇ ಹಿಮದ ಬಯಲನ್ನು ನೇರ ಕೆಳಕ್ಕೆ ನೋಡುತ್ತವೆ. ಅಮೆರಿಕದ ಚಾಂಗ್‌ಯಾಂಗ್ ಕಾವೊ ಮತ್ತು ಅವರ ಜೊತೆಗಾರರು ಈ ಭೇಟಿಗಳನ್ನು ಮುಂದಾಗಿ ಲೆಕ್ಕ ಹಾಕುವ ಬಗೆಯನ್ನು 2004ರಲ್ಲಿ ಬರೆದರು. ನಮ್ಮ ಪಂಚಾಂಗದವರು ಗ್ರಹಗಳ ಯುತಿಯನ್ನು ಗುಣಿಸಿದಂತೆ ಇವರು ಉಪಗ್ರಹಗಳ ಯುತಿಯನ್ನು ಗುಣಿಸುತ್ತಾರೆ.

ಮೇಲೆ ನಿಂತ ಭೂಸ್ಥಿರ ಉಪಗ್ರಹಗಳಿಗೆ ಗುರುವಾಗಿ ಬಂದದ್ದು 2002ರಲ್ಲಿ ಹಾರಿದ ಆಕ್ವಾದಲ್ಲಿನ ಏರ್ಸ್, 2006ರಲ್ಲಿ ಹಾರಿದ ಯುರೋಪಿನ ಮೆಟಾಪ್-ಎ ಒಳಗಿನ ಯಾಸಿ ಎಂಬ ಉಪಕರಣಗಳು. ಯಾಸಿ ಅವಕೆಂಪು ಕಿರಣಗಳನ್ನು 8461 ಭಾಗಗಳಾಗಿ ಬಿಡಿಸಿ ನೋಡುತ್ತದೆ. ಸಾಮಾನ್ಯ ಉಪಗ್ರಹ ಅಷ್ಟನ್ನು ಆರೇಳು ಪಟ್ಟಿಗಳಾಗಿ ಮಾತ್ರ ನೋಡುವುದರಿಂದ, ಯಾಸಿಯ ಭಾಗಗಳನ್ನು ಬೇಕಾದಂತೆ ಕೂಡಿಸಿ ಯಾರ ಪಟ್ಟಿಗೆ ಬೇಕಾದರೂ ಹೋಲಿಸಬಹುದು. ಯುರೋಪಿನ ಒಂದು ಉಪಗ್ರಹದ ಕಣ್ಣಿನ ಮೇಲೆ ಹಿಮ ಕಟ್ಟಿದ್ದನ್ನೂ, ಬಿಸಿ ಮಾಡಿ ಅದನ್ನು ಕರಗಿಸಿದ ಮೇಲೆ ಅಳತೆ ಸರಿಹೋದದ್ದನ್ನೂ ಈ ಹೋಲಿಕೆ ಸ್ಪಷ್ಟವಾಗಿ ತೋರಿಸಿತು. ಭಾರತದ ಇಸ್ರೋ ಮತ್ತು ಹವಾಮಾನ ಇಲಾಖೆಗಳೂ ಈ ವ್ಯವಸ್ಥೆಯಲ್ಲಿ ಸೇರಿವೆ. 2013ರ ಜುಲೈ 26ರಂದು ಹಾರಿದ ಇನ್ಸಾಟ್-3ಡಿ ಮೊದಲುಗೊಂಡು ನಮ್ಮ ಹವಾಮಾನ ಉಪಗ್ರಹಗಳ ಅಂಕಿಗಳನ್ನು ಯಾಸಿಯ ಅಂಕಿಗಳ ಪಕ್ಕದಲ್ಲಿಟ್ಟು ನೋಡುತ್ತಾರೆ. ನಮ್ಮ ಹಾಸನದ ನಿಯಂತ್ರಣ ಕೇಂದ್ರದವರು ಆ ಉಪಗ್ರಹಗಳನ್ನು ನೆಲೆ ತಪ್ಪದಂತೆ ಹಿಡಿದಿಟ್ಟರೆ, ಒರೆ ಹಚ್ಚುವವರು ಅವುಗಳ ಮಾತು ತಪ್ಪದಂತೆ ನೋಡಿಕೊಳ್ಳುತ್ತಾರೆ. ಕಛ್ಛದ ರಣದ ಬಿಳಿಯ ಉಪ್ಪುನೆಲವೂ, ಲಕ್ಷದ್ವೀಪದ ಕವರತ್ತಿಯ ಸುತ್ತಲಿನ ಕಡಲೂ ನಮ್ಮವರಿಗೆ ಒರೆಗಲ್ಲುಗಳಾಗಿವೆ.

ಭಾರತಕ್ಕೆ ಸಂಬಂಧಿಸಿದ ಮತ್ತೊಂದು ಪ್ರಸಂಗವನ್ನು ಹೇಳದೆ ಇರಲಾರೆ. 1999ರಲ್ಲಿ ಅಮೆರಿಕದವರು ಹಾರಿಸಿದ ಕ್ವಿಕ್‌ಸ್ಕ್ಯಾಟ್, ಕಡಲಿನ ಮೇಲೆ ರೇಡಾರ್ ಅಲೆಗಳನ್ನು ಚೆಲ್ಲಿ, ಮರಳಿದ್ದನ್ನು ಹಿಡಿದು, ಗಾಳಿಯ ವೇಗವನ್ನೂ ದಿಕ್ಕನ್ನೂ ಹೇಳುತ್ತಿತ್ತು. ಅದರ ಆಂಟೆನಾ ಸದಾ ತಿರುಗುತ್ತಿರಬೇಕು. 2009ರ ನವೆಂಬರಿನಲ್ಲಿ ಅದು ತಿರುಗುವುದನ್ನು ನಿಲ್ಲಿಸಿತು. ಕತ್ತು ಹಿಡಿದುಕೊಂಡ ಮುದುಕನಂತೆ ಒಂದೇ ಕಡೆ ನೋಡುತ್ತ ಉಳಿಯಿತು. ಅದಕ್ಕೆ ಎರಡೇ ತಿಂಗಳ ಹಿಂದೆ, ಸೆಪ್ಟೆಂಬರ್ 23ರಂದು, ಇಸ್ರೋದ ಓಷನ್‌ಸ್ಯಾಟ್-2 ಇದೇ ಬಗೆಯ ಉಪಕರಣವನ್ನು ಹೊತ್ತು ಮೇಲೇರಿತ್ತು. ಹಳೆಯದನ್ನು ಕೆಲಸಕ್ಕೆ ಬಾರದೆಂದು ಆರಿಸಿಬಿಡಲಿಲ್ಲ. ಅದರ ಕತ್ತು ನಿಂತಿದ್ದರೂ ಅಳತೆ ನಿಖರವಾಗಿತ್ತು. ಅದು ನೋಡುವ ಸಣ್ಣ ಪಟ್ಟೆಯಲ್ಲಿ ಹೊಸಬನ ಮಾತನ್ನು ಒರೆಗೆ ಹಚ್ಚಲು ಅಷ್ಟೇ ಸಾಕಾಗಿತ್ತು. 2018ರ ಅಕ್ಟೋಬರ್ ತನಕ, ಇನ್ನೂ ಸುಮಾರು ಒಂಬತ್ತು ವರ್ಷ, ಅದು ಇತರರಿಗೆ ಒರೆಗಲ್ಲಾಗಿ ದುಡಿಯಿತು. ಅಷ್ಟರಲ್ಲಿ, 2014ರಲ್ಲಿ, ಓಷನ್‌ಸ್ಯಾಟ್-2ರ ಆ ಉಪಕರಣವೇ ಕೆಲಸ ನಿಲ್ಲಿಸಿತ್ತು. ಕಿರಿಯನು ಹೋದ ಮೇಲೂ ಹಿರಿಯನು ನಾಲ್ಕು ವರ್ಷ ಉಳಿದ. ಮನೆಯ ಜಗಲಿಯಲ್ಲಿ ಕೂತು ಲೆಕ್ಕ ತಪ್ಪಿದರೆ ಹೇಳುವ ಹಿರಿಯರ ಬೆಲೆ ಇದಕ್ಕಿಂತ ಬೇರೆಯಲ್ಲ.

ಕೊನೆಗೆ ಚಂದ್ರನನ್ನೂ ಈ ಕೆಲಸಕ್ಕೆ ಕರೆದಿದ್ದಾರೆ. ಅಲ್ಲಿ ಗಾಳಿ ಮಳೆ ಗಿಡ ಒಂದೂ ಇಲ್ಲ. ಅವನ ಮುಖದ ಹೊಳಪು ವರ್ಷಕ್ಕೆ ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟೂ ಬದಲಾಗದೆಂದು ಹ್ಯೂ ಕೀಫರ್ 1997ರಲ್ಲಿ ಲೆಕ್ಕ ಹಾಕಿದರು. ಅರಿಜೋನಾದ ಫ್ಲಾಗ್‌ಸ್ಟಾಫಿನ ದೂರದರ್ಶಕಗಳಿಂದ ವರ್ಷಗಟ್ಟಲೆ ಚಂದ್ರನನ್ನು ಹಲವು ಕಲೆಗಳಲ್ಲಿ ಅಳೆದು ಪಟ್ಟಿ ಮಾಡಿದ್ದಾರೆ. ಉಪಗ್ರಹ ಭೂಮಿಯ ಅಂಚಿನ ಆಚೆಗೆ ಕಣ್ಣು ಹಾಯಿಸಿ ಚಂದ್ರನನ್ನು ನೋಡಿದಾಗ ತನ್ನ ಕಣ್ಣು ಎಷ್ಟು ಮಂಕಾಯಿತೆಂದು ತಿಳಿಯಬಹುದು.

ನಾಳೆ ಮಳೆ ಬರುವುದೇ ಎಂದು ನಾವು ಬೆಳಗಿನ ಪತ್ರಿಕೆಯಲ್ಲಿ ನೋಡುವ ಸಾಲಿನ ಹಿಂದೆ ಇಂಥ ಸಾವಿರಾರು ಹೋಲಿಕೆಗಳಿವೆ. ಮುನ್ಸೂಚನೆಯ ಗಣಕಕ್ಕೆ ತಿನ್ನಿಸುವ ಅಂಕಿಗಳಲ್ಲಿ ಬಹುಪಾಲು ಉಪಗ್ರಹಗಳದು. ಮುಂಗಾರು ನಮ್ಮ ಅರಬ್ಬೀ ಸಮುದ್ರವನ್ನು ದಾಟಿ ಬರುವಾಗ ಅಲ್ಲಿ ಉಷ್ಣಮಾಪಕ ಹಿಡಿದು ನಿಂತವರು ವಿರಳ; ಆ ಕಣ್ಣುಗಳ ಮಾತೇ ನಮಗೆ ಆಧಾರ. ಆದರೆ ನಾಳಿನ ಮಳೆಗಿಂತ ದೊಡ್ಡ ಲೆಕ್ಕ ಇನ್ನೊಂದಿದೆ. ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮಳೆ ಹೇಗಾದೀತು ಎಂಬುದು ಆ ಲೆಕ್ಕ. ಅದು ದಶಕಕ್ಕೆ ಡಿಗ್ರಿಯ ಹತ್ತರಲ್ಲೊಂದೆರಡು ಪಾಲಿನ ಪ್ರಶ್ನೆ. ಅದನ್ನು ಅಳೆಯಲು ಒಂದು ಉಪಗ್ರಹದ ಆಯುಸ್ಸು ಸಾಲದು. ಒಂದರ ಕೈಯಿಂದ ಇನ್ನೊಂದರ ಕೈಗೆ ದೀಪ ದಾಟಿಸಿದಂತೆ ಅಳತೆಯನ್ನು ದಾಟಿಸಬೇಕು. ಹಳೆಯದು ಆರುವ ಮುನ್ನ ಹೊಸದು ಬರದಿದ್ದರೆ ನಡುವೆ ಕತ್ತಲೆ ಬೀಳುತ್ತದೆ. ಮುಂದೆ ಎಷ್ಟೇ ಬೆಲೆಯ ಉಪಕರಣ ಹಾರಿಸಿದರೂ ಆ ಕತ್ತಲೆಯನ್ನು ತುಂಬಲಾಗದು.

ಮೆಟಾಪ್-ಎ ಹದಿನೈದು ವರ್ಷ ದುಡಿದು 2021ರ ನವೆಂಬರಿನಲ್ಲಿ ವಿಶ್ರಾಂತಿ ಪಡೆಯಿತು. ಅದರ ತಮ್ಮಂದಿರು ಮೆಟಾಪ್-ಬಿ 2012ರಲ್ಲಿಯೂ ಮೆಟಾಪ್-ಸಿ 2018ರಲ್ಲಿಯೂ ಬಂದು, ಅಣ್ಣನ ಜೊತೆಗೆ ವರ್ಷಗಟ್ಟಲೆ ಅದೇ ಭೂಮಿಯನ್ನು ನೋಡಿ, ಅಂಕಿಗೆ ಅಂಕಿ ತಾಳೆ ಹಾಕಿಕೊಂಡಿದ್ದವು. ಆದ್ದರಿಂದ ಅಣ್ಣ ಹೇಳಿದ್ದು ಅವನೊಡನೆ ಹೋಗಲಿಲ್ಲ. ಇನ್ನು ಮೂವತ್ತು ವರ್ಷದ ಮೇಲೆ ಯಾರಾದರೂ 2007ರ ಒಂದು ಮುಂಗಾರಿನ ಮೋಡಕ್ಕೂ ತಮ್ಮ ಕಾಲದ ಮೋಡಕ್ಕೂ ಹೋಲಿಕೆ ನೋಡಬೇಕೆಂದರೆ, ನಡುವಣ ಲೆಕ್ಕ ಕಡಿಯದೆ ಅವರ ಕೈಗೆ ಸಿಕ್ಕುತ್ತದೆ. ಸರ್ಕಾರಗಳು ಹೊಸ ಉಪಗ್ರಹಕ್ಕೆ ಹಣ ಕೊಡಲು ಮೀನಮೇಷ ಎಣಿಸುವಾಗ ಈ ಮಾತನ್ನು ಯಾರಾದರೂ ನೆನಪಿಸಿದರೆ ಒಳ್ಳೆಯದು.